ಗಾಯವೋ, ಮುಪ್ಪೋ?

1958ರ ಬೇಸಗೆ. ಜಗತ್ತಿನ ಮೊದಲ ಅಣುಶಕ್ತಿ ಜಲಾಂತರ್ಗಾಮಿ 'ನಾಟಿಲಸ್' ಅಮೆರಿಕದ ಸಿಯಾಟಲ್ ಬಂದರಿನಲ್ಲಿ ನಿಂತಿತ್ತು. ಉತ್ತರ ಧ್ರುವದ ಹಿಮದ ಹಾಸಿನಡಿ ನುಸುಳಿ ಆಚೆ ಬದಿಯಲ್ಲಿ ಮೇಲೇಳುವ ಗುಟ್ಟಿನ ಯಾತ್ರೆ ಅದರದು. ಆದರೆ ಅದರ ಉಗಿಯಂತ್ರದ ಕಂಡೆನ್ಸರ್‌ನಲ್ಲಿ ಎಲ್ಲೋ ಒಂದು ಕಡೆ ಸಮುದ್ರದ ಉಪ್ಪುನೀರು ಒಳಗೆ ಜಿನುಗುತ್ತಿತ್ತು. ಹುಡುಕಿದರೂ ಜಾಗ ಸಿಗಲಿಲ್ಲ. ಎಲ್ಲವನ್ನೂ ಬಿಚ್ಚುತ್ತ ಕೂರಲು ಸಮಯವಿರಲಿಲ್ಲ. ಕಮಾಂಡರ್ ವಿಲಿಯಂ ಆಂಡರ್ಸನ್ ಕೆಲವು ನಾವಿಕರಿಗೆ ಸಾದಾ ಉಡುಪು ತೊಡಿಸಿ ಊರೊಳಗೆ ಕಳಿಸಿದರು. ಅವರು ಪೆಟ್ರೋಲ್ ಬಂಕುಗಳನ್ನು ಸುತ್ತಿ, ಕಾರಿನ ರೇಡಿಯೇಟರ್ ಸೋರಿದರೆ ಸುರಿಯುವ 'ಸ್ಟಾಪ್ ಲೀಕ್' ದ್ರಾವಣದ ನೂರಕ್ಕೂ ಹೆಚ್ಚು ಬಾಟಲಿಗಳನ್ನು ಕೊಂಡು ತಂದರು. ಒಂದೊಂದರ ಬೆಲೆ ಎರಡು ಡಾಲರಿಗೂ ಕಡಿಮೆ. ಅರ್ಧದಷ್ಟನ್ನು ಸುರಿದರು, ಸೋರಿಕೆ ನಿಂತಿತು. ಆಗಸ್ಟ್ 3ರಂದು ನಾಟಿಲಸ್ ಉತ್ತರ ಧ್ರುವದ ಅಡಿಯಲ್ಲಿ ಹಾದುಹೋಯಿತು.

ಅಗ್ಗದ ರಿಪೇರಿ ಎಂದರೆ ಮೂಗು ಮುರಿಯುವವರಿಗೆ ನಾನು ಈ ಪ್ರಸಂಗ ಹೇಳುವುದುಂಟು. ಹಾಗೆಂದು ಅದೇ ಬಾಟಲಿಯನ್ನು ನಿಮ್ಮ ಹತ್ತು ವರ್ಷದ ಹಳೆಯ ಕಾರಿಗೆ ಸುರಿದು ಶಿರಾಡಿ ಘಾಟಿ ಹತ್ತಿ ಎಂದು ಹೇಳಲಾರೆ. ಎರಡೂ ಸೋರಿಕೆಯೇ ಆದರೂ ಎರಡರ ಗುಣ ಬೇರೆ.

ನಮ್ಮ ಗ್ಯಾರೇಜಿಗೆ ಬರೋಣ. ಬೆಳಿಗ್ಗೆ ಕಾರು ತೆಗೆದರೆ ನೆಲದ ಮೇಲೆ ಹಸಿರೋ ಕೆಂಪೋ ಬಣ್ಣದ ನೀರಿನ ಕಲೆ. ಬಾನೆಟ್ ಎತ್ತಿ ನೋಡಿದ ಮೆಕ್ಯಾನಿಕ್ ಎರಡು ದಾರಿ ತೋರಿಸುತ್ತಾನೆ. "ಸಾರ್, ಸದ್ಯಕ್ಕೆ ಸೀಲ್ ಮಾಡಿ ಕೊಡ್ತೀನಿ, ಎಂಟ್ನೂರ್ ಆಗುತ್ತೆ. ಹೊಸ ರೇಡಿಯೇಟರೇ ಹಾಕಿಸ್ಬಿಟ್ರೆ ಆರು ಸಾವ್ರ. ಏನ್ ಮಾಡ್ಲಿ?" ನಮ್ಮ ತಲೆ ಒಡನೆಯೇ ಈ ಎರಡು ಮೊತ್ತಗಳ ಕಳೆಯುವ ಲೆಕ್ಕಕ್ಕೆ ಇಳಿಯುತ್ತದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಆ ಭಾಗಕ್ಕೆ ಆಗಿರುವುದು ಗಾಯವೋ, ಬಂದಿರುವುದು ಮುಪ್ಪೋ? ರಸ್ತೆಯ ಕಲ್ಲು ಸಿಡಿದು ಒಂದು ಕೊಳವೆ ತೂತಾದರೆ ಅದು ಗಾಯ. ಸುತ್ತಲಿನ ಲೋಹವೆಲ್ಲ ಗಟ್ಟಿಯಾಗಿದೆ, ತೂತು ಮುಚ್ಚಿದರೆ ಕೆಲಸ ಮುಗಿಯಿತು. ವರ್ಷಗಟ್ಟಲೆ ಬೆಂದ, ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಒಂದು ಮೂಲೆಯಲ್ಲಿ ಸೀಳಿದರೆ ಅದು ಮುಪ್ಪು. ಇಂದು ಇಲ್ಲಿ ಸೀಳಿದೆ, ನಾಳೆ ಒಂದು ಗೇಣು ಆಚೆ ಸೀಳುತ್ತದೆ.

ರೇಡಿಯೇಟರ್ ಮಾಡುವ ಕೆಲಸ ಎಷ್ಟು ದೊಡ್ಡದೆಂದು ಗೊತ್ತಿಲ್ಲದೆ ಈ ಪ್ರಶ್ನೆಯ ತೂಕ ತಿಳಿಯುವುದಿಲ್ಲ. ಪೆಟ್ರೋಲ್ ಇಂಜಿನ್ನಿನ ಸಿಲಿಂಡರಿನೊಳಗೆ ಉರಿಯುವ ಅನಿಲ ಕ್ಷಣಕಾಲ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದನ್ನು ಮುಚ್ಚಿ ಹಿಡಿದಿರುವ ಹೆಡ್ ಈಗಿನ ಕಾರುಗಳಲ್ಲಿ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಕರಗದೆ ಉಳಿದಿರುವುದು ಅದರ ಬೆನ್ನ ಹಿಂದೆ ಎಡೆಬಿಡದೆ ಹರಿಯುವ ಕೂಲಂಟ್‌ನಿಂದ. ನಾವು ಹಾಕಿಸಿದ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚೆಂದರೆ ಮೂರನೇ ಒಂದು ಪಾಲು ಗಾಲಿಯತ್ತ ಹೋಗುತ್ತದೆ. ಸುಮಾರು ಅಷ್ಟೇ ಶಾಖ ಸೈಲೆನ್ಸರಿನಿಂದ ಹೊರಬೀಳುತ್ತದೆ, ಮಿಕ್ಕಿದ್ದರಲ್ಲಿ ಬಹುಪಾಲು ಕೂಲಂಟಿಗೆ ಸೇರುತ್ತದೆ. ಘಾಟಿ ಹತ್ತುವಾಗ ಇಂಜಿನ್ 30 ಕಿಲೋವಾಟ್ ಕೆಲಸ ಮಾಡುತ್ತಿದೆ ಎನ್ನಿ, ಹತ್ತಿರ ಹತ್ತಿರ ಅಷ್ಟೇ ಶಾಖವನ್ನು ರೇಡಿಯೇಟರ್ ಗಾಳಿಗೆ ಬಿಡಬೇಕು. ಅದೂ ಎರಡನೇ ಗೇರಿನಲ್ಲಿ, ಎದುರುಗಾಳಿಯೂ ಸಾಲದ ವೇಗದಲ್ಲಿ. ಆ ಕ್ಷಣ ರೇಡಿಯೇಟರ್ ಕೈಕೊಟ್ಟರೆ, ಐದು ಲೀಟರ್ ಕೂಲಂಟನ್ನು 90ರಿಂದ 120 ಡಿಗ್ರಿಗೆ ಏರಿಸಲು ಅಷ್ಟು ಶಾಖಕ್ಕೆ ಇಪ್ಪತ್ತು ಸೆಕೆಂಡ್ ಸಾಕು. ಇಂಜಿನ್ನಿನ ಲೋಹವೂ ಜೊತೆಗೆ ಬಿಸಿಯಾಗಬೇಕಾದ್ದರಿಂದ ನಮಗೆ ಒಂದೆರಡು ನಿಮಿಷ ಸಿಗುತ್ತದೆ.

ಆ ನೀರು 100 ಡಿಗ್ರಿಗೆ ಕುದಿಯದಿರಲು ಕಾರಣ ರೇಡಿಯೇಟರಿನ ಮುಚ್ಚಳ. ಅದರ ಸ್ಪ್ರಿಂಗು ಒಳಗೆ ಸುಮಾರು ಒಂದು ವಾಯುಭಾರದಷ್ಟು ಹೆಚ್ಚಿನ ಒತ್ತಡವನ್ನು ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರಿ ನೀರೂ 120 ಡಿಗ್ರಿಯವರೆಗೆ ಕುದಿಯದು; ಅರ್ಧ ಎಥಿಲೀನ್ ಗ್ಲೈಕಾಲ್ ಬೆರೆತರೆ ಇನ್ನೂ ಕೆಲವು ಡಿಗ್ರಿ ಮೇಲೆ. ಬಿಸಿ ಇಂಜಿನ್ನಿನ ಮುಚ್ಚಳ ತಿರುಗಿಸಬೇಡಿ ಎಂದು ಹಿರಿಯ ಚಾಲಕರು ಬೈಯುವುದು ಇದಕ್ಕೇ. ಒಳಗೆ 115 ಡಿಗ್ರಿಯಲ್ಲಿರುವ ಐದು ಲೀಟರ್ ನೀರಿನ ಒತ್ತಡ ಒಮ್ಮೆಲೇ ಇಳಿದರೆ ನೂರಕ್ಕೆ ಮೂರು ಪಾಲಿನಷ್ಟು ನೀರು ತಕ್ಷಣ ಉಗಿಯಾಗುತ್ತದೆ. ಮೂರೇ ಪಾಲು ಎನ್ನಬೇಡಿ. ಇನ್ನೂರು ಲೀಟರಿಗೂ ಮೀರಿದ ಉಗಿ ಅದು, ಉಳಿದ ಬಿಸಿನೀರನ್ನೂ ಹೊತ್ತುಕೊಂಡು ಮುಖಕ್ಕೆ ಬರುತ್ತದೆ.

ಇದೇ ಒತ್ತಡ ತೇಪೆಯ ಮೊದಲ ಶತ್ರು. ಒಂದು ವಾಯುಭಾರ ಎಂದರೆ ಚದರ ಸೆಂಟಿಮೀಟರಿಗೆ ಒಂದು ಕಿಲೋ ತೂಕದಷ್ಟು ಬಲ. ಅರ್ಧ ಮೀಟರ್ ಉದ್ದ, ಐದು ಸೆಂಟಿಮೀಟರ್ ಅಗಲದ ತೊಟ್ಟಿಯನ್ನು ಒಳಗಿನಿಂದ ಎರಡೂವರೆ ಕ್ವಿಂಟಲ್ ಬಲ ಹೊರಕ್ಕೆ ತಳ್ಳುತ್ತಿರುತ್ತದೆ. ಎರಡನೆಯ ಶತ್ರು ಹಿಗ್ಗುವಿಕೆ. ಬೆಳಗಿನ 25 ಡಿಗ್ರಿಯಿಂದ 95ಕ್ಕೆ ಏರುವಾಗ ಅರ್ಧ ಮೀಟರ್ ಉದ್ದದ ಅಲ್ಯೂಮಿನಿಯಂ ಸುಮಾರು 0.8 ಮಿಲಿಮೀಟರ್ ಹಿಗ್ಗುತ್ತದೆ. ಅದಕ್ಕೆ ಮೆತ್ತಿದ ಎಪಾಕ್ಸಿ ಅದರ ಎರಡು ಪಟ್ಟಿಗೂ ಹೆಚ್ಚು ಹಿಗ್ಗಲು ನೋಡುತ್ತದೆ. ಕಾರು ನಿಂತಾಗ ಎರಡೂ ಕುಗ್ಗುತ್ತವೆ, ತಂತಮ್ಮ ಅಳತೆಯಲ್ಲಿ. ದಿನಕ್ಕೆ ಎರಡು ಬಾರಿ ಹೀಗೆ ಎಳೆದಾಟ. ಸಾಲದ್ದಕ್ಕೆ, ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗುವ ಸಾಮಾನ್ಯ ಎಪಾಕ್ಸಿಗಳು 60 ಡಿಗ್ರಿಯ ಆಸುಪಾಸಿನಲ್ಲೇ ಬಿಗಿ ಕಳೆದುಕೊಳ್ಳತೊಡಗುತ್ತವೆ. ಮನೆಯ ನಲ್ಲಿ ಪೈಪಿನಲ್ಲಿ ವರ್ಷಗಟ್ಟಲೆ ಗಟ್ಟಿಯಾಗಿ ಕೂರುವ ಎಂ-ಸೀಲ್ ರೇಡಿಯೇಟರಿನಲ್ಲಿ ವಾರಗಳಲ್ಲೇ ಅಂಚು ಬಿಡುವುದಕ್ಕೆ ಬೇರೆ ರಹಸ್ಯವೇನೂ ಇಲ್ಲ.

ಹಾಗಾದರೆ ನಮ್ಮ ಅಪ್ಪಂದಿರ ಕಾಲದಲ್ಲಿ ರೇಡಿಯೇಟರನ್ನು ಹತ್ತು ಸಲ ರಿಪೇರಿ ಮಾಡಿಸಿ ಓಡಿಸುತ್ತಿದ್ದುದು ಸುಳ್ಳೇ? ಸುಳ್ಳಲ್ಲ. ಅವರ ರೇಡಿಯೇಟರೇ ಬೇರೆ.

ಮೊದಮೊದಲ ಕಾರುಗಳು ನೀರನ್ನು ಕುದಿಸಿ ಆವಿಯಾಗಿ ಬಿಡುತ್ತಿದ್ದವು, ಚಾಲಕ ದಾರಿಯುದ್ದಕ್ಕೂ ನೀರು ಹುಡುಕಬೇಕಿತ್ತು. ಆ ಕಾಟವನ್ನು ಕೊನೆಗಾಣಿಸಿದವನು ಜರ್ಮನಿಯ ವಿಲ್ಹೆಲ್ಮ್ ಮೇಬಾಕ್. 1900ರ ಕೊನೆಗೆ ಸಿದ್ಧವಾದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿಗೆ ಅವನು 6 ಮಿಲಿಮೀಟರ್ ಚೌಕದ 8,070 ಪುಟ್ಟ ಕೊಳವೆಗಳನ್ನು ಬೆಸೆದು ಜೇನುಗೂಡಿನಂಥ ರೇಡಿಯೇಟರ್ ಮಾಡಿದ. ಅಲ್ಲಿಂದ ಮುಂದೆ ಬಹುಕಾಲ ರೇಡಿಯೇಟರ್ ಎಂದರೆ ತಾಮ್ರ, ಹಿತ್ತಾಳೆ ಮತ್ತು ಬೆಸುಗೆ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಮೂತಿಯಲ್ಲಿದ್ದದ್ದೂ ಅದೇ ಕುಲದ್ದು.

ಈ ಲೋಹಗಳ ಲೆಕ್ಕ ರಿಪೇರಿಗೆಂದೇ ಹೇಳಿ ಮಾಡಿಸಿದಂತಿದೆ. ತವರ-ಸೀಸದ ಬೆಸುಗೆ 183 ಡಿಗ್ರಿಯಲ್ಲಿ ಕರಗತೊಡಗುತ್ತದೆ. ಕೂಲಂಟ್ ಎಷ್ಟು ಕಾದರೂ ಅಲ್ಲಿಯವರೆಗೆ ಹೋಗುವುದಿಲ್ಲ. ಹಿತ್ತಾಳೆ ಕರಗುವುದು 900ರ ಆಚೀಚೆ. ಹೀಗಾಗಿ ಬೆಸುಗೆಗಾರನಿಗೆ ನೂರಾರು ಡಿಗ್ರಿಗಳ ವಿಶಾಲ ಅಂಗಳ ಇತ್ತು. ಕೈಯಳತೆಯ ಬೆಂಕಿಯಲ್ಲಿ ಕಾಸಿದರೆ ಬೆಸುಗೆ ಹರಿಯುತ್ತದೆ, ಹಿತ್ತಾಳೆಗೆ ಏನೂ ಆಗುವುದಿಲ್ಲ. ಎಲ್ಲ ಬಾಯಿಗಳನ್ನೂ ಮುಚ್ಚಿ, ಒಳಗೆ ಗಾಳಿ ಹೊಡೆದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿದರೆ ಗುಳ್ಳೆ ಏಳುವ ಜಾಗವೇ ತೂತು. ಕೊಳವೆ ತೀರಾ ಹಾಳಾಗಿದ್ದರೆ ಅದರ ಎರಡೂ ತುದಿಗಳನ್ನು ಬೆಸುಗೆಯಿಂದ ಮುಚ್ಚಿ, ಉಳಿದ ಕೊಳವೆಗಳಲ್ಲಿ ಕಾರು ಓಡುತ್ತಿತ್ತು. ಅದನ್ನು ತೇಪೆ ಎಂದು ಕರೆಯುವುದು ಆ ಕುಶಲಕರ್ಮಿಗಳಿಗೆ ಮಾಡುವ ಅವಮಾನ. ಕಾರ್ಖಾನೆಯಲ್ಲಿ ಯಾವ ವಿಧಾನದಿಂದ ಅದು ತಯಾರಾಗಿತ್ತೋ ಅದೇ ವಿಧಾನದಿಂದ ಅವರು ದುರಸ್ತಿ ಮಾಡುತ್ತಿದ್ದರು.

ಅಲ್ಯೂಮಿನಿಯಂ ಬಂದು ಈ ಅಂಗಳವನ್ನು ಓಣಿಯಾಗಿಸಿತು. ಶಾಖ ಸಾಗಿಸುವುದರಲ್ಲಿ ತಾಮ್ರವೇ ಮೇಲು. ಆದರೆ ಅಲ್ಯೂಮಿನಿಯಂ ತೂಕ ತಾಮ್ರದ ಮೂರನೇ ಒಂದು ಪಾಲಿಗಿಂತ ಕಡಿಮೆ, ಬೆಲೆಯೂ ಕಡಿಮೆ. ಅಗಲವಾದ ಚಪ್ಪಟೆ ಕೊಳವೆ ಮಾಡಿಕೊಂಡರೆ ಶಾಖದ ಕೊರತೆಯೂ ತುಂಬುತ್ತದೆ. ತೊಂದರೆ ಇರುವುದು ಅದರ ಮೈಮೇಲಿನ ಆಕ್ಸೈಡ್ ಪೊರೆಯಲ್ಲಿ. ಕೆಲವೇ ನ್ಯಾನೊಮೀಟರ್ ದಪ್ಪದ ಆ ಪೊರೆ ಕರಗಲು 2000 ಡಿಗ್ರಿಗೂ ಹೆಚ್ಚು ಶಾಖ ಬೇಕು. ಉಜ್ಜಿ ತೆಗೆದರೆ ಗಾಳಿ ತಾಗಿದೊಡನೆ ಮತ್ತೆ ಬೆಳೆಯುತ್ತದೆ. ಅದರ ಮೇಲೆ ಸಾದಾ ಬೆಸುಗೆ ಅಂಟುವುದಿಲ್ಲ, ಮಣಿಯಾಗಿ ಉರುಳಿಹೋಗುತ್ತದೆ. ಕಾರ್ಖಾನೆಯಲ್ಲಿ ಇಡೀ ಗೂಡನ್ನು ಸಾರಜನಕ ತುಂಬಿದ ಕುಲುಮೆಯಲ್ಲಿ ಸುಮಾರು 600 ಡಿಗ್ರಿಗೆ ಕಾಸುತ್ತಾರೆ. ಪೊರೆಯನ್ನು ಕರಗಿಸಲು ಫ್ಲೋರೈಡ್ ಲವಣ, ಬೆಸೆಯಲು 577 ಡಿಗ್ರಿಯಲ್ಲಿ ಕರಗತೊಡಗುವ ಅಲ್ಯೂಮಿನಿಯಂ-ಸಿಲಿಕಾನ್ ಲೇಪ. ಬೆಸುಗೆ ಕರಗುವುದಕ್ಕೂ ಕೊಳವೆಯೇ ಕರಗುವುದಕ್ಕೂ ನಡುವೆ ಕೆಲವು ಹತ್ತು ಡಿಗ್ರಿಗಳ ಅಂತರ ಅಷ್ಟೇ. ಕೊಳವೆಯ ಗೋಡೆಯ ದಪ್ಪವೋ ಅರ್ಧ ಮಿಲಿಮೀಟರೂ ಇಲ್ಲ. ರಸ್ತೆಬದಿಯಲ್ಲಿ ಗ್ಯಾಸ್ ಟಾರ್ಚ್ ಹಿಡಿದು ಇದನ್ನು ಸಾಧಿಸಹೊರಟರೆ ಸೂಜಿಮೊನೆಯ ತೂತು ಕಡಲೆಬೇಳೆಯಷ್ಟಾಗುವುದೇ ಹೆಚ್ಚು. ಆರ್ಗಾನ್ ವೆಲ್ಡಿಂಗ್‌ನಲ್ಲಿ ಪಳಗಿದವರು ಕೆಲವರು ಮಾಡುತ್ತಾರೆ, ಅವರ ಕೂಲಿ ಹೊಸ ರೇಡಿಯೇಟರಿನ ಬೆಲೆಯತ್ತ ನಡೆಯುತ್ತದೆ.

ಮೇಲೆ ಕೆಳಗೆ ಇದ್ದ ಹಿತ್ತಾಳೆ ತೊಟ್ಟಿಗಳ ಜಾಗಕ್ಕೂ ನೈಲಾನ್ ಬಂತು. ಗಾಜಿನ ನಾರು ಬೆರೆಸಿದ ನೈಲಾನ್-66 ತೊಟ್ಟಿ, ನಡುವೆ ಒಂದು ರಬ್ಬರ್ ಗ್ಯಾಸ್ಕೆಟ್, ಅದರ ಮೇಲೆ ಮಡಚಿ ಕಚ್ಚಿಸಿದ ಅಲ್ಯೂಮಿನಿಯಂ ಹಲ್ಲುಗಳು. 1935ರಲ್ಲಿ ಡುಪಾಂಟ್ ಕಂಪನಿಯ ವ್ಯಾಲೇಸ್ ಕರೋದರ್ಸ್ ಈ ನೈಲಾನನ್ನು ಮೊದಲು ತಯಾರಿಸಿದಾಗ ನಡೆದದ್ದು ನೀರನ್ನು ಹೊರಹಾಕುವ ಕ್ರಿಯೆ. ಎರಡು ಬಗೆಯ ಅಣುಗಳು ಕೈಕೂಡಿಸಿದಾಗಲೆಲ್ಲ ಒಂದೊಂದು ನೀರಿನ ಅಣು ಕಳಚಿ ಬೀಳುತ್ತದೆ, ಉದ್ದನೆಯ ಸರಪಳಿ ಬೆಳೆಯುತ್ತದೆ. ಈಗ ಅದೇ ನೈಲಾನನ್ನು ನಾವು ವರ್ಷಗಟ್ಟಲೆ ಬಿಸಿನೀರಿನಲ್ಲಿ ನೆನೆಹಾಕುತ್ತೇವೆ. ಕ್ರಿಯೆ ಹಿಂದುಹಿಂದಕ್ಕೆ ಓಡುತ್ತದೆ. ನೀರು ಮರಳಿ ಹೊಕ್ಕು ಸರಪಳಿ ತುಂಡರಿಸುತ್ತ ಬರುತ್ತದೆ. ಇಂಥ ಕ್ರಿಯೆಗಳ ವೇಗ ಹತ್ತು ಡಿಗ್ರಿ ಏರಿದರೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಒರಟು ಲೆಕ್ಕ. ಸದಾ ಬಿಸಿಯಾಗಿ ಓಡುವ ಕಾರಿನ ತೊಟ್ಟಿ ಬೇಗ ಮುದಿಯಾಗುವುದು ಹೀಗೆ. ಹೊಸತರಲ್ಲಿ ಬಾಗಿ ಸಹಿಸುತ್ತಿದ್ದ ಪ್ಲಾಸ್ಟಿಕ್ ಕೊನೆಗೆ ಬಾಗದೆ ಸಿಡಿಯುತ್ತದೆ, ಅದೂ ಬಹುತೇಕ ಮೆದುಗೊಳವೆ ಸೇರುವ ಕತ್ತಿನ ಬಳಿ. ಎಲ್ಲೆಡೆ ತುಂಡರಿಸಿದ ಸರಪಳಿಗೆ ಒಂದು ಕಡೆ ಮೆತ್ತಿದ ಅಂಟು ಏನು ಮಾಡೀತು?

ಇನ್ನು ಬಾಟಲಿಯ ವಿಷಯ. ನಮ್ಮ ಲಾರಿ ಚಾಲಕರು ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವುದನ್ನು ನೋಡಿ ನಕ್ಕವರಿದ್ದಾರೆ. ನಗಬೇಕಿಲ್ಲ, ಅಂಗಡಿಯ ಸ್ಟಾಪ್ ಲೀಕ್ ಕೂಡ ನಂಬಿರುವುದು ಅದೇ ಭೌತಶಾಸ್ತ್ರವನ್ನು. ನೀರು ತೂತಿನತ್ತ ನುಗ್ಗುವಾಗ ತೇಲುವ ಕಣಗಳನ್ನೂ ಎಳೆದೊಯ್ಯುತ್ತದೆ. ತೂತಿನ ಅಗಲ ಕಣದ ಕೆಲವೇ ಪಟ್ಟು ಇದ್ದರೆ ನಾಲ್ಕಾರು ಕಣಗಳು ಒಟ್ಟಿಗೆ ಬಂದು ಒಂದಕ್ಕೊಂದು ಆನಿಕೊಂಡು ಕಮಾನು ಕಟ್ಟುತ್ತವೆ. ಅದರ ಹಿಂದೆ ಸಣ್ಣ ಕಣಗಳು ಕೂರುತ್ತವೆ, ಬಿಸಿನೀರಿಗೆ ಅರಿಶಿನದ ಪಿಷ್ಟ ಉಬ್ಬುತ್ತದೆ, ಜಿನುಗು ನಿಲ್ಲುತ್ತದೆ. ಕೆಲವು ದ್ರಾವಣಗಳಲ್ಲಿ ಸೋಡಿಯಂ ಸಿಲಿಕೇಟ್ ಇರುತ್ತದೆ; ಅದು ಬಿಸಿ ಸೋರುವೆಡೆಯಲ್ಲಿ ನೀರು ಕಳೆದುಕೊಂಡು ಗಾಜಿನಂತೆ ಗಟ್ಟಿಯಾಗುತ್ತದೆ. ಸೂಜಿಮೊನೆಯ ತೂತಿಗೆ ಇದು ನಿಜವಾಗಿಯೂ ಕೆಲಸ ಮಾಡುತ್ತದೆ. ಆದರೆ ಕಣಗಳಿಗೆ ತೂತು ಯಾವುದು, ದಾರಿ ಯಾವುದು ಎಂಬ ವಿವೇಕವಿಲ್ಲ. ಈಗಿನ ರೇಡಿಯೇಟರ್ ಕೊಳವೆಯ ಒಳಗಿನ ಇಕ್ಕಟ್ಟು ಒಂದೆರಡು ಮಿಲಿಮೀಟರ್. ಬೋರ್‌ವೆಲ್ ನೀರು ಸುರಿದು ಸುರಿದು ಈಗಾಗಲೇ ಸುಣ್ಣದ ಪದರ ಕಟ್ಟಿದ್ದರೆ ಅದೂ ಇಲ್ಲ. ಅಲ್ಲಿ ಅರಿಶಿನವೋ ಸಿಲಿಕೇಟೋ ತಂಗಿದರೆ ಸೋರುವುದು ನಿಂತು ಕಾಯುವುದು ಶುರುವಾಗುತ್ತದೆ. ಘಟ್ಟದ ನಡುವೆ ಸಿಕ್ಕಿಬಿದ್ದವನಿಗೆ ಊರು ಸೇರಲು ಇದು ಒಳ್ಳೆಯ ಉಪಾಯ. ಊರು ಸೇರಿದ ಮೇಲೂ ಅದನ್ನೇ ನಂಬಿ ಕೂರುವುದು ಅಪಾಯ.

'ಹಾಗಾದರೆ ಹಳೆಯದೆಲ್ಲ ಕಿತ್ತು ಹೊಸದು ಹಾಕಿಸಿಬಿಡೋಣ' ಎನ್ನುವವರಿಗೂ ಒಂದು ತಡೆ ಇದೆ. ಕಂಪನಿ ಸರ್ವಿಸ್ ಸೆಂಟರ್‌ಗಳು ಮಾತೆತ್ತಿದರೆ 'ಪಾರ್ಟ್ ಚೇಂಜ್' ಎನ್ನುವುದು ನಿಮಗೂ ಗೊತ್ತು. ಅವರನ್ನು ಕಳ್ಳರೆನ್ನಲು ನಾನು ತಯಾರಿಲ್ಲ. ಬೆಸುಗೆಗೆ ಗ್ಯಾರಂಟಿ ಕೊಡುವುದಕ್ಕಿಂತ ಪೆಟ್ಟಿಗೆ ಒಡೆದು ಹೊಸದು ಕೂರಿಸುವುದು ಅವರಿಗೆ ಸಲೀಸು. ಆದರೆ ಹೊಸದೆಂದರೆ ಭದ್ರ ಎಂಬ ನಂಬಿಕೆಗೆ ವಿಮಾನಯಾನ ದೊಡ್ಡ ಪೆಟ್ಟು ಕೊಟ್ಟಿದೆ. ಇಂತಿಷ್ಟು ಗಂಟೆ ಹಾರಿದ ಮೇಲೆ ಬಿಡಿಭಾಗ ಬದಲಿಸಿದರೆ ಅಪಘಾತ ತಪ್ಪುತ್ತದೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ಸ್ಟ್ಯಾನ್ಲಿ ನೌಲನ್ ಮತ್ತು ಹೊವರ್ಡ್ ಹೀಪ್ ಬಿಡಿಭಾಗಗಳು ಹಾಳಾಗುವ ಬಗೆಯನ್ನು ಲೆಕ್ಕ ಹಾಕಿದರು. ಅಮೆರಿಕದ ರಕ್ಷಣಾ ಇಲಾಖೆಗಾಗಿ ಅವರು ಬರೆದ ವರದಿ ಹೊರಬಂದದ್ದು 1978ರಲ್ಲಿ. ವಯಸ್ಸಾದಂತೆ ಕೆಡುವ ಸಂಭವ ಹೆಚ್ಚುವ ಭಾಗಗಳು ನೂರಕ್ಕೆ 11 ಮಾತ್ರ. ಉಳಿದ 89ಕ್ಕೆ ವಯಸ್ಸಿನ ಹಂಗಿಲ್ಲ. ನೂರಕ್ಕೆ 68 ಭಾಗಗಳಂತೂ ಹೊಸದಾಗಿ ಕೂರಿಸಿದಾಗಲೇ ಹೆಚ್ಚು ಕೆಡುತ್ತಿದ್ದವು, ಆಮೇಲೆ ಸ್ಥಿರವಾಗಿರುತ್ತಿದ್ದವು. ಚೆನ್ನಾಗಿದ್ದುದನ್ನು ಕಿತ್ತು ಹೊಸದು ಹಾಕುವುದೆಂದರೆ ಮತ್ತೆ ಆ ಬಾಲಾರಿಷ್ಟದ ಸರದಿಗೆ ನಿಲ್ಲುವುದು.

ಭಾಗಗಳು ಕೆಡುವ ಈ ಬಗೆಗಳನ್ನು ಗಣಿತದಲ್ಲಿ ಹಿಡಿದಿಟ್ಟವನು ಸ್ವೀಡನ್ನಿನ ವಾಲೊಡಿ ವೈಬುಲ್. 1951ರ ಅವನ ಪ್ರಬಂಧದ ಸೂತ್ರದಲ್ಲಿ ಒಂದು ಅಂಕಿ ಬರುತ್ತದೆ. ಅದು ಒಂದಕ್ಕಿಂತ ಕಡಿಮೆ ಇದ್ದರೆ ಬಾಲಾರಿಷ್ಟ, ಸರಿಯಾಗಿ ಒಂದಿದ್ದರೆ ಆಕಸ್ಮಿಕ, ಒಂದಕ್ಕಿಂತ ಹೆಚ್ಚಿದ್ದರೆ ಮುಪ್ಪು. ಕಲ್ಲೇಟಿಗೆ ಹಳೆಯ ರೇಡಿಯೇಟರೂ ಒಂದೇ ಹೊಸದೂ ಒಂದೇ, ಅಲ್ಲಿ ಬದಲಿಸಿ ಗಳಿಸುವುದೇನೂ ಇಲ್ಲ. ನೈಲಾನ್ ತೊಟ್ಟಿ, ರಬ್ಬರ್ ಹೋಸ್, ಬೆಲ್ಟುಗಳು ಮಾತ್ರ ಆ ಮುಪ್ಪಿನ ಗುಂಪಿನವು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ 'ಒರಿಜಿನಲ್' ಎಂಬ ಹೆಸರಲ್ಲಿ ಮೂರು ದರದ ಮಾಲು ಸಿಗುವ ಊರಿನವರಿಗೆ ಬಾಲಾರಿಷ್ಟದ ವಿಷಯ ಬಿಡಿಸಿ ಹೇಳಬೇಕಿಲ್ಲ.

ಈಗ ಹಣದ ಮಾತಿಗೆ ಬರಬಹುದು. ಅಂಕಿಗಳು ಉದಾಹರಣೆಗೆ ಮಾತ್ರ, ಕಾರು ಮತ್ತು ಊರು ನೋಡಿ ಬದಲಾಗುತ್ತವೆ. ತೇಪೆಗೆ 800, ಹೊಸದಕ್ಕೆ 6,000. ತೇಪೆ ದಾರಿಯಲ್ಲಿ ಬಿಟ್ಟುಕೊಂಡು ನಿಮಗೆ ತಿಳಿಯದೇ ಹೋದರೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸೊಟ್ಟವನ್ನೂ ಅನೇಕ ಇಂಜಿನ್‌ಗಳು ಒಪ್ಪುವುದಿಲ್ಲ. ಹೆಡ್ ಬಿಚ್ಚಿ, ಫೇಸಿಂಗ್ ಮಾಡಿಸಿ, ಕೂಡಿಸಿ ಮುಗಿಸುವಾಗ 40,000 ಎನ್ನೋಣ. ಅದರ ಮೇಲೆ ಹೊಸ ರೇಡಿಯೇಟರಿನ ಆರು ಸಾವಿರ ಹೇಗೂ ಬಂತು. ಉಳಿಸುವ 5,200ನ್ನು ಕಳೆದುಕೊಳ್ಳಬಹುದಾದ 46,000ದಿಂದ ಭಾಗಿಸಿ: 0.11. ತೇಪೆ ಹೀಗೆ ಕೈಕೊಡುವ ಸಂಭವ ಒಂಬತ್ತರಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಅಗ್ಗದ ರಿಪೇರಿಯೇ ದುಬಾರಿ. ಮುದಿ ನೈಲಾನಿಗೆ ಮೆತ್ತಿದ ಎಪಾಕ್ಸಿ ಒಂಬತ್ತರಲ್ಲಿ ಎಂಟು ಸಲ ಕಾಪಾಡುತ್ತದೆ ಎಂದು ನಾನಂತೂ ಪಣ ಕಟ್ಟಲಾರೆ.

ಈ ಲೆಕ್ಕದಲ್ಲಿ 'ನಿಮಗೆ ತಿಳಿಯದೇ ಹೋದರೆ' ಎಂಬ ಮಾತಿಗೆ ಬಹಳ ಬೆಲೆ ಇದೆ. ಡ್ಯಾಶ್‌ಬೋರ್ಡಿನಲ್ಲಿ ಉಷ್ಣತೆ ತೋರಿಸುವ ಮುಳ್ಳು ಮೇಲೇರಿದ್ದನ್ನು ನೋಡಿ ತಕ್ಷಣ ಇಂಜಿನ್ ಆರಿಸುವವನಿಗೆ ಸೋರಿಕೆ ಬರಿ ತಾಪತ್ರಯ. ಆದರೆ ಈಚಿನ ಅನೇಕ ಸಣ್ಣ ಕಾರುಗಳಲ್ಲಿ ಆ ಮುಳ್ಳೇ ಇಲ್ಲ, ಕೊನೆ ಗಳಿಗೆಯಲ್ಲಿ ಹೊತ್ತುವ ಕೆಂಪು ದೀಪ ಮಾತ್ರ. ಮುಳ್ಳಿದ್ದರೂ ಅದು ಅಳೆಯುವುದು ಕೂಲಂಟಿನ ಬಿಸಿಯನ್ನು. ಕೂಲಂಟೆಲ್ಲ ಸೋರಿಹೋಗಿ ಸೆನ್ಸರ್ ಬರಿ ಗಾಳಿಯಲ್ಲಿ ನಿಂತರೆ ಇಂಜಿನ್ ಬೇಯುತ್ತಿರುವಾಗಲೂ ಮುಳ್ಳು ತಣ್ಣಗೆ ಕೂತಿರಬಹುದು.

ಬೇರೆ ಭಾಗಗಳಿಗೂ ಇದೇ ಪ್ರಶ್ನೆ ಒಗ್ಗುತ್ತದೆ. ಟಯರಿನ ಹಲ್ಲಿನ ಭಾಗಕ್ಕೆ ಮೊಳೆ ಚುಚ್ಚಿದರೆ ಗಾಯ, ಪಂಕ್ಚರ್ ಹಾಕಿಸಿ. ಪಕ್ಕದ ಗೋಡೆ ಸೀಳಿದರೆ ಹಾಕಿಸಬೇಡಿ. ಕಿಲೋಮೀಟರಿಗೆ ಐನೂರಕ್ಕೂ ಹೆಚ್ಚು ಸಲ ಬಾಗಿ ಏಳುವ ಜಾಗ ಅದು, ಯಾವ ತೇಪೆಯೂ ಅಲ್ಲಿ ತಾಳುವುದಿಲ್ಲ. ಮುಂದಿನ ಗಾಜಿಗೆ ಕಲ್ಲು ತಾಗಿ ನಾಣ್ಯಕ್ಕಿಂತ ಚಿಕ್ಕ ಚಕ್ಕೆ ಎದ್ದಿದ್ದರೆ, ಬಿರುಕು ಹರಿಯುವ ಮೊದಲೇ ರಾಳ ತುಂಬಿಸಿದರೆ ಗಾಜು ಉಳಿಯುತ್ತದೆ. ಬ್ರೇಕಿನ ಹೋಸ್ ವಿಷಯದಲ್ಲಿ ಮಾತ್ರ ಲೆಕ್ಕ ಬೇಡ, ಬದಲಿಸಿಬಿಡಿ.

ರೇಡಿಯೇಟರಿನಲ್ಲಿ ಗಾಯವನ್ನೂ ಮುಪ್ಪನ್ನೂ ಬೇರ್ಪಡಿಸಲು ಕಣ್ಣೇ ಸಾಕಾಗುತ್ತದೆ. ರೆಕ್ಕೆಗಳ ನಡುವೆ ಒಂದೇ ಕಡೆ ಒದ್ದೆ, ಅಲ್ಲಿ ರೆಕ್ಕೆ ಜಜ್ಜಿದ್ದರೆ ಕಲ್ಲೇಟು. ಕಾರು ಹೊಸದಾಗಿದ್ದರೆ ಒಳ್ಳೆಯ ವೆಲ್ಡರ್ ಹುಡುಕಬಹುದು. ಪ್ಲಾಸ್ಟಿಕ್ ಮತ್ತು ಲೋಹ ಕೂಡುವ ಅಂಚಿನುದ್ದಕ್ಕೂ ಒಣಗಿದ ಬಿಳಿ-ಹಸಿರು ಹಕ್ಕಳೆ ಇದ್ದರೆ, ತೊಟ್ಟಿಯ ಕಪ್ಪು ಬಣ್ಣ ಮಾಸಿ ಕಂದಾಗಿದ್ದರೆ, ಕತ್ತಿನ ಬಳಿ ಕೂದಲೆಳೆಯ ಬಿರುಕುಗಳಿದ್ದರೆ ಅದು ಮುಪ್ಪು. ಹೊಸದೇ ಹಾಕಿಸಿ, ಜೊತೆಗೆ ಅಷ್ಟೇ ವಯಸ್ಸಿನ ಹೋಸ್‌ಗಳನ್ನೂ ಮುಚ್ಚಳವನ್ನೂ ಬದಲಿಸಿ. ಎಲ್ಲೂ ಒದ್ದೆಯಿಲ್ಲದೆ ಕೂಲಂಟ್ ಕಡಿಮೆಯಾಗುತ್ತಿದ್ದರೆ ತೊಂದರೆ ರೇಡಿಯೇಟರಿನದಾಗಿರಲಾರದು. ಕೂಲಂಟಿನ ಮೇಲಿನ ಗಾಳಿಯನ್ನು ಹೀರಿ ನೀಲಿ ದ್ರವದೊಳಗೆ ಹಾಯಿಸುವ ಒಂದು ಪರೀಕ್ಷೆ ಇದೆ. ದ್ರವ ಹಳದಿಗೆ ತಿರುಗಿದರೆ ಸಿಲಿಂಡರಿನ ಇಂಗಾಲದ ಡೈಆಕ್ಸೈಡ್ ಕೂಲಂಟಿಗೆ ನುಸುಳುತ್ತಿದೆ ಎಂದರ್ಥ, ಅಂದರೆ ಹೆಡ್ ಗ್ಯಾಸ್ಕೆಟ್ ಆಗಲೇ ಹೋಗಿದೆ.

ಆದ್ದರಿಂದ ಮುಂದಿನ ಸಲ ಮೆಕ್ಯಾನಿಕ್ ಎರಡು ದರ ಹೇಳಿದಾಗ ಯಾವುದಕ್ಕೂ ಹೂಂ ಅನ್ನಬೇಡಿ. ಇಂಜಿನ್ ತಣಿಯಲಿ. ರೇಡಿಯೇಟರ್ ಬಿಚ್ಚುವ ಮೊದಲು ಪ್ರೆಷರ್ ಪಂಪ್ ಹಾಕಿ, ಸೋರುವ ಜಾಗವನ್ನು ನಿಮ್ಮ ಕಣ್ಣಿಗೆ ತೋರಿಸಲು ಹೇಳಿ.